ಗಾಸಿಪಾಲ್: ಹತ್ತಿಕಾಳಿನ ವಿಷ, ಗಂಡಸರ ಗುಳಿಗೆ

ಗಾಸಿಪಾಲ್ ಹತ್ತಿಗಿಡದಲ್ಲಿ, ಅದರಲ್ಲೂ ಬೀಜದಲ್ಲಿ ಮತ್ತು ಬೇರಿನ ತೊಗಟೆಯಲ್ಲಿ ಇರುವ ಹಳದಿ ಬಣ್ಣದ ರಾಸಾಯನಿಕ. ಹತ್ತಿಕಾಳನ್ನು ಸೀಳಿ ನೋಡಿದರೆ ಬಿಳಿ ತಿರುಳಿನ ತುಂಬ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಈ ವಸ್ತುವನ್ನು ತುಂಬಿಕೊಂಡ ಗ್ರಂಥಿಗಳು. ಹುಳಹುಪ್ಪಟೆ ಹತ್ತಿರ ಬಾರದಿರಲೆಂದು ಗಿಡ ತಾನೇ ತಯಾರಿಸಿಕೊಳ್ಳುವ ವಿಷ ಇದು. 1970ರ ದಶಕದಲ್ಲಿ ಚೀನಾ ಇದನ್ನು ಗಂಡಸರ ಗರ್ಭನಿರೋಧಕ ಗುಳಿಗೆಯಾಗಿ ಸಾವಿರಾರು ಜನರಿಗೆ ಕೊಟ್ಟು ನೋಡಿತು. ಗುಳಿಗೆ ನಿಲ್ಲಿಸಿದ ಮೇಲೂ ಒಂದಷ್ಟು ಜನರಲ್ಲಿ ವೀರ್ಯಾಣು ಮರಳಲಿಲ್ಲ. ಗಿಡದಿಂದ ಬಂದ ವಸ್ತುವೊಂದು ಗಂಡಸರ ದೇಹದಲ್ಲಿ ಉಳಿಸಿಹೋದ ಹಾನಿಗೆ ಇಷ್ಟು ದೊಡ್ಡ ಲೆಕ್ಕ ಬೇರೆಡೆ ಸಿಗುವುದು ಕಷ್ಟ.

ಹತ್ತಿಕಾಳು ನಮ್ಮ ಕಡೆಗೆ ಹೊಸದಲ್ಲ: ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಎರೆಹೊಲಗಳು ಹಳೆಯ ಹತ್ತಿ ಸೀಮೆ. 1800ರಲ್ಲಿ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಂತರ ಇಲ್ಲಿಯ ಅರಳೆ ಮದ್ರಾಸ್ ಪ್ರಾಂತದ ವ್ಯಾಪಾರಕ್ಕೆ ಸೇರಿತು. ಮಾರುಕಟ್ಟೆಯಲ್ಲಿ ಅದಕ್ಕೆ ‘ವೆಸ್ಟರ್ನ್ಸ್’ ಎಂಬ ಹೆಸರಿತ್ತು. 1906ರಲ್ಲಿ ಬಳ್ಳಾರಿ ಬಳಿಯ ಹಗರಿಯಲ್ಲಿ ಸರ್ಕಾರಿ ಕೃಷಿ ಕೇಂದ್ರ ಶುರುವಾಯಿತು, ಹಗರಿ-1 ಎಂಬ ಹತ್ತಿ ತಳಿ ಅಲ್ಲಿಂದ ಬಂತು. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪ ಭತ್ತಕ್ಕೆ ಒಲಿಯಿತಾದರೂ ಹತ್ತಿ ಸೀಮೆಯಿಂದ ಹೋಗಲಿಲ್ಲ. ಒಂದು ಕಿಲೋ ಅರಳೆಯ ಜೊತೆಗೆ ಒಂದೂವರೆ ಕಿಲೋಗಿಂತ ಹೆಚ್ಚು ಬೀಜ ಬರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಬೇರೆಯಾದ ಆ ಕಾಳು ಎಣ್ಣೆ ಮಿಲ್ಲಿಗೆ, ಉಳಿದ ಹಿಂಡಿ ಎಮ್ಮೆಯ ಗ್ವಾದಲಿಗೆ. ಮನೆಯ ಒಗ್ಗರಣೆಗೆ ಶೇಂಗಾ ಎಣ್ಣೆ ಇಲ್ಲವೆ ಕುಸುಬೆ ಎಣ್ಣೆ.

ಎಮ್ಮೆಗೆ ಒಗ್ಗಿದ್ದು ಎಲ್ಲ ಪ್ರಾಣಿಗೂ ಒಗ್ಗುವುದಿಲ್ಲ. ಮೆಲುಕು ಹಾಕುವ ದನಗಳ ಮೊದಲ ಹೊಟ್ಟೆಯಲ್ಲಿ ಗಾಸಿಪಾಲ್ ಪ್ರೋಟೀನಿಗೆ ಅಂಟಿಕೊಂಡು ಬಹುಪಾಲು ನಿರುಪದ್ರವಿಯಾಗುತ್ತದೆ. ಎಳೆಗರು, ಹಂದಿ, ಕೋಳಿಗಳಿಗೆ ಈ ಅನುಕೂಲವಿಲ್ಲ. ಕೋಳಿಗೆ ಹೆಚ್ಚು ಹಾಕಿದರೆ ಇಟ್ಟ ಮೊಟ್ಟೆಯ ಹಳದಿ ಲೋಳೆ ಹಸಿರು ತಿರುಗುತ್ತದೆ. ಹೋರಿಗಳಿಗೆ ಅತಿಯಾಗಿ ತಿನ್ನಿಸಿದಾಗ ವೀರ್ಯಾಣು ಕೆಟ್ಟದ್ದೂ ಉಂಟು.

ಈ ವಸ್ತುವನ್ನು 1886ರಲ್ಲಿ ಲಾಂಗ್‌ಮೋರ್ ಬೀಜದ ಎಣ್ಣೆಯಿಂದ ಬೇರ್ಪಡಿಸಿದ; 1899ರಲ್ಲಿ ಮಾರ್ಖ್ಲೆವ್ಸ್ಕಿ ಶುದ್ಧ ಮಾಡಿ ಹೆಸರಿಟ್ಟ. ಹತ್ತಿ ಹಿಂಡಿ ತಿಂದ ಹಂದಿಗಳು ಸಾಯುವುದಕ್ಕೆ ಇದೇ ಕಾರಣವೆಂದು 1915ರಲ್ಲಿ ಅಮೆರಿಕದ ವಿದರ್ಸ್ ಮತ್ತು ಕಾರತ್ ತೋರಿಸಿದರು. ರಚನೆಯನ್ನು ಬಿಡಿಸಿದವರು 1938ರಲ್ಲಿ ರೋಜರ್ ಆಡಮ್ಸ್. ಎಣ್ಣೆಯನ್ನು ಕ್ಷಾರ ಹಾಕಿ ಶುದ್ಧ ಮಾಡಿದರೆ ಗಾಸಿಪಾಲ್ ಹೊರಟುಹೋಗುತ್ತದೆ. ಬೀಜವನ್ನು ಚೆನ್ನಾಗಿ ಬಿಸಿಮಾಡಿದರೆ ಬಹುಭಾಗ ಪ್ರೋಟೀನಿಗೆ ಅಂಟಿಬಿಡುತ್ತದೆ. ಆದ್ದರಿಂದ ರಿಫೈನ್ಡ್ ಹತ್ತಿಕಾಳಿನ ಎಣ್ಣೆಗೆ ಹೆದರಬೇಕಿಲ್ಲ. ಈಚೆಗೆ ಎಲ್ಲೆಡೆ ಹಬ್ಬಿರುವ ಗಾಣದ ಎಣ್ಣೆಯ ಒಲವು ಶೇಂಗಾಕ್ಕೆ, ಕುಸುಬೆಗೆ ಸರಿ. ಹತ್ತಿಕಾಳನ್ನು ಹುರಿಯದೆ ಹಾಗೇ ಹಿಂಡಿ, ಶುದ್ಧ ಮಾಡದೆ ಉಣ್ಣುವುದು ಮಾತ್ರ ಬೇರೆಯೇ ಕಥೆ, ಮತ್ತು ಆ ಕಥೆ ಚೀನಾದಲ್ಲಿ ನಡೆದುಹೋಗಿದೆ.

ಜಿಯಾಂಗ್ಸು ಪ್ರಾಂತದ ಒಂದು ಹಳ್ಳಿಯ ಜನ 1920ರ ದಶಕದ ಕೊನೆಯಲ್ಲಿ ಸೋಯಾ ಎಣ್ಣೆ ಬಿಟ್ಟು ಹಸಿ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡತೊಡಗಿದರು. ಸುಮಾರು ಹತ್ತು ವರ್ಷ ಆ ಊರಲ್ಲಿ ತೊಟ್ಟಿಲು ತೂಗಲಿಲ್ಲವೆಂದು 1957ರಲ್ಲಿ ಲಿಯೂ ಬಾವೋಷಾನ್ ಎಂಬ ವೈದ್ಯರು ವರದಿ ಮಾಡಿದರು. 1950ರ ದಶಕದಲ್ಲಿ ಬೀಜವನ್ನು ಬಿಸಿ ಮಾಡದೆ ಹಿಂಡುವ ಪದ್ಧತಿ ಹತ್ತಿ ಬೆಳೆಯುವ ಬೇರೆ ಭಾಗಗಳಿಗೂ ಹಬ್ಬಿದಾಗ ಇದೇ ತೊಂದರೆ ಕಾಣಿಸಿಕೊಂಡಿತು. ಮೈ ಉರಿ, ಸುಸ್ತು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಗಂಡಸರಲ್ಲಿ ಬಂಜೆತನ. ಆಪಾದನೆ ಕೊನೆಗೆ ಬಂದು ನಿಂತದ್ದು ಗಾಸಿಪಾಲ್ ಮೇಲೆ.

ರೋಗವನ್ನೇ ಮದ್ದು ಮಾಡಿಕೊಳ್ಳುವ ಯೋಚನೆ ಇಲ್ಲಿಂದ ಹುಟ್ಟಿತು. ಜನಸಂಖ್ಯೆ ತಗ್ಗಿಸುವ ಅವಸರದಲ್ಲಿದ್ದ ದೇಶಕ್ಕೆ ಹೊಲದಲ್ಲಿ ಬೆಳೆಯುವ, ಅಗ್ಗದ, ಗಂಡಸರು ನುಂಗಬಹುದಾದ ಗುಳಿಗೆ ವರದಂತೆ ಕಂಡಿತು. 1972ರಿಂದ ಪರೀಕ್ಷೆಗಳು ನಡೆದವು. 8,000ಕ್ಕೂ ಹೆಚ್ಚು ಗಂಡಸರು ಗುಳಿಗೆ ತೆಗೆದುಕೊಂಡರು. ದಿನಕ್ಕೆ 20 ಮಿಲಿಗ್ರಾಂನಂತೆ ಎರಡು ತಿಂಗಳಿಗೂ ಮೇಲೆ, ಆಮೇಲೆ ಕಡಿಮೆ ಪ್ರಮಾಣ. 1978ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಇದು ಶೇ. 99ರಷ್ಟು ಪರಿಣಾಮಕಾರಿ. ವಿಶೇಷವೆಂದರೆ ಗಾಸಿಪಾಲ್ ಹಾರ್ಮೋನನ್ನು ತಡೆಯುವ ಮದ್ದಲ್ಲ: ಟೆಸ್ಟೋಸ್ಟೆರಾನ್ ಬಹುತೇಕ ಮೊದಲಿನಂತೆಯೇ ಇತ್ತು, ದಾಂಪತ್ಯಕ್ಕೂ ಅಡ್ಡಿ ಬರಲಿಲ್ಲ. ಪೆಟ್ಟು ಬಿದ್ದದ್ದು ವೃಷಣದಲ್ಲಿ ವೀರ್ಯಾಣು ತಯಾರಿಸುವ ಜೀವಕೋಶಗಳಿಗೆ.

ಎರಡು ಕಡೆ ಲೆಕ್ಕ ತಪ್ಪಿತು. ಶೇ. 1ಕ್ಕಿಂತ ಕಡಿಮೆ ಜನರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಕೈಕಾಲು ಸೋತುಹೋದವು. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ವರ್ಷಗಳ ನಂತರವಷ್ಟೇ ಗೊತ್ತಾಯಿತು: ಗುಳಿಗೆ ಬಿಟ್ಟವರಲ್ಲಿ ಕಡಿಮೆಯೆಂದರೂ ಹತ್ತರಲ್ಲೊಬ್ಬರಿಗೆ ವೀರ್ಯಾಣು ಹಿಂತಿರುಗಲಿಲ್ಲ. ಎಷ್ಟು ಕಾಲ ನುಂಗಿದರೋ ಅಷ್ಟು ಅಪಾಯ ಹೆಚ್ಚು. 1986ರಲ್ಲಿ ಚೀನಾ ಪರೀಕ್ಷೆಗಳನ್ನು ನಿಲ್ಲಿಸಿತು. ಬ್ರೆಜಿಲಿನ ವೈದ್ಯ ಎಲ್ಸಿಮಾರ್ ಕೌಟಿನ್ಯೂ ಪಟ್ಟು ಬಿಡಲಿಲ್ಲ. ಅವರ ತಂಡ ಬ್ರೆಜಿಲ್, ನೈಜೀರಿಯಾ, ಕೀನ್ಯಾ, ಚೀನಾಗಳ 151 ಗಂಡಸರಿಗೆ ಕಡಿಮೆ ಪ್ರಮಾಣದಲ್ಲಿ ಕೊಟ್ಟು 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಪೊಟ್ಯಾಸಿಯಂ ತೊಂದರೆ ತಪ್ಪಿತು, ಮರಳದ ವೀರ್ಯಾಣುವಿನ ತೊಂದರೆ ಪೂರ್ತಿ ತಪ್ಪಲಿಲ್ಲ. ಅಷ್ಟರಲ್ಲಿ, 1998ರಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಈ ದಾರಿಯನ್ನು ಕೈಬಿಡುವುದೇ ಲೇಸೆಂದಿದ್ದರು.

ಹಾನಿ ಬೆಳಕಿಗೆ ಬಂದದ್ದು ನುಂಗಿದವರ ಹೆಸರು ಬರೆದಿಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ಪರೀಕ್ಷಿಸಿದ್ದರಿಂದ. ಕೂದಲಿಗೆ, ಪ್ರಾಸ್ಟೇಟಿಗೆ ಎಂದು ಗಂಡಸರು ತಾವಾಗಿಯೇ ಕೊಂಡು ನುಂಗುವ ಮೂಲಿಕೆಗಳಿಗೆ ಇಂಥ ಪಟ್ಟಿ ಇಲ್ಲ. ಅವುಗಳಲ್ಲಿ ಹೆಸರಾದ ಸಾ ಪಾಲ್ಮೆಟೋ ಅಮೆರಿಕದ ಫ್ಲಾರಿಡಾ ಕಡೆಯ ಗಿಡ್ಡ ತಾಳೆಯ ಹಣ್ಣು. ಟೆಸ್ಟೋಸ್ಟೆರಾನನ್ನು ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿಸುವ ಕಿಣ್ವವನ್ನು ಅದು ತಡೆಯುತ್ತದೆ ಎಂಬುದು ಮಾರುವವರ ವಾದ. 2006ರಲ್ಲಿ 225 ಜನರ ಮೇಲೆ, 2011ರಲ್ಲಿ 369 ಜನರ ಮೇಲೆ ನಡೆದ ಪರೀಕ್ಷೆಗಳಲ್ಲಿ ಪ್ರಾಸ್ಟೇಟಿನ ತೊಂದರೆಗೆ ಅದು ಮದ್ದಿಲ್ಲದ ಪೊಳ್ಳು ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ದೊಡ್ಡ ಕೆಡುಕೂ ಕಾಣಲಿಲ್ಲ. ಬಿಟ್ಟ ಮೇಲೂ ಉಳಿದ ಲೈಂಗಿಕ ತೊಂದರೆಯ ದೂರುಗಳು ಹೆಚ್ಚಾಗಿ ದಾಖಲಾಗಿರುವುದು ಇದೇ ಕಿಣ್ವವನ್ನು ಬಲವಾಗಿ ತಡೆಯುವ ಫಿನಾಸ್ಟರೈಡ್ ಎಂಬ ಮಾತ್ರೆಯ ವಿಷಯದಲ್ಲಿ. ಅಮೆರಿಕದ ಔಷಧ ಇಲಾಖೆ 2012ರಲ್ಲಿ ಅದರ ಚೀಟಿಯಲ್ಲಿ ಈ ಎಚ್ಚರಿಕೆ ಸೇರಿಸಿತು. ‘ಮೂಲಿಕೆ, ಹಾಗಾಗಿ ಸೌಮ್ಯ’ ಎಂದು ನಂಬುವವರಿಗೆ ಪಿಸಿ-ಸ್ಪೆಸ್ ಒಳ್ಳೆಯ ಪಾಠ. ಪ್ರಾಸ್ಟೇಟಿಗೆಂದು ಮಾರುತ್ತಿದ್ದ ಎಂಟು ಗಿಡಮೂಲಿಕೆಗಳ ಈ ಮಿಶ್ರಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಕೃತಕ ಈಸ್ಟ್ರೋಜನ್ ಬೆರೆತಿದ್ದುದು ಗೊತ್ತಾಗಿ 2002ರಲ್ಲಿ ಮಾರುಕಟ್ಟೆಯಿಂದ ವಾಪಸ್ಸು ಪಡೆದರು. ನಮ್ಮ ಮನೆಗಳ ಜ್ಯೇಷ್ಠಮಧು ಕೂಡ ದೊಡ್ಡ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಇಳಿಸಿದ್ದನ್ನು ಇಟಲಿಯ ವೈದ್ಯರು 1999ರಲ್ಲಿ ಏಳು ಗಂಡಸರಲ್ಲಿ ಕಂಡರು. ಅದು ನಿಲ್ಲಿಸಿದೊಡನೆ ಸರಿಹೋಯಿತು.

ಭಾರತದಲ್ಲಿ ಗಂಡಸುತನ ಹೆಚ್ಚಿಸುವ ಔಷಧಿಯ ಜಾಹೀರಾತಿಗೆ 1954ರ ಕಾಯ್ದೆಯಿಂದಲೇ ನಿಷೇಧವಿದೆ. ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜೇ ಇರುವಾಗ ಬಾಟಲಿಯ ಚೀಟಿ ನಂಬುವುದಕ್ಕಿಂತ ಅಲ್ಲಿಯ ವೈದ್ಯರನ್ನು ಕೇಳುವುದು ಸುಲಭ, ಕೇಳುವವರು ಎಷ್ಟೋ.

ಗಾಸಿಪಾಲ್ ಕಡಿಮೆ ಇರುವ ಬೀಜವೂ ಈಗ ಬಂದಿದೆ. ಟೆಕ್ಸಾಸಿನ ಎ ಅಂಡ್ ಎಂ ವಿಶ್ವವಿದ್ಯಾಲಯದ, ಭಾರತ ಮೂಲದ ಕೀರ್ತಿ ರಾಠೋರ್ 2006ರಲ್ಲಿ ಬೀಜದಲ್ಲಷ್ಟೇ ಅದರ ತಯಾರಿಕೆಯನ್ನು ಅಡಗಿಸಿ, ಎಲೆ ಕಾಂಡಗಳ ರಕ್ಷಣೆಯನ್ನು ಹಾಗೇ ಉಳಿಸಿದ ಗಿಡವನ್ನು ವರದಿ ಮಾಡಿದರು. ಅಮೆರಿಕದಲ್ಲಿ 2018ರಲ್ಲಿ ಅದನ್ನು ಬೆಳೆಯಲು, 2019ರಲ್ಲಿ ತಿನ್ನಲು ಒಪ್ಪಿಗೆ ಸಿಕ್ಕಿತು. 2002ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ಅನುಮತಿ ಸಿಕ್ಕಿದ ಬಿಟಿ ಹತ್ತಿಗೂ ಇದಕ್ಕೂ ಸಂಬಂಧವಿಲ್ಲ. ಬಿಟಿ ತಡೆಯುವುದು ಕಾಯಿಕೊರಕವನ್ನು. ಅದರ ಕಾಳಿನಲ್ಲಿ ಗಾಸಿಪಾಲ್ ಎಂದಿನಂತೆ ಇದೆ.