ಕಣ್ಣಿನ ನರದ ಮಯಲಿನ್ ರಿಪೇರಿ: ಔಷಧಿ ಎಲ್ಲಿವರೆಗೆ ಬಂದಿದೆ? ಜಿಲ್ಲೆಯ ಓದುಗರಿಗೆ ಪೂರ್ಣ ಮಾಹಿತಿ

ದೊಡ್ಡಬಳ್ಳಾಪುರ: ಒಂದು ಕಣ್ಣು ಎರಡು ಮೂರು ದಿನದಲ್ಲಿ ಮಂಜಾಗುತ್ತೆ. ಕಣ್ಣು ಆ ಕಡೆ ಈ ಕಡೆ ಆಡಿಸಿದ್ರೆ ನೋವು ಬರುತ್ತೆ. ಮಗ್ಗದ ಮೇಲಿರೋ ಕೆಂಪು ರೇಷ್ಮೆ ಆ ಕಣ್ಣಿಗೆ ಮಾತ್ರ ಮಾಸಿದ ಹಾಗೆ ಕಾಣುತ್ತೆ. ಕನ್ನಡಕದ ನಂಬರ್ ಬದಲಿಸಿದ್ರೂ ಸರಿ ಹೋಗಲ್ಲ. ಹೀಗಾದಾಗ ಅದು ಕಣ್ಣಿನ ನರದ ಉರಿಯೂತ ಇರಬಹುದು. ಡಾಕ್ಟರುಗಳು ಇದನ್ನ ಆಪ್ಟಿಕ್ ನ್ಯೂರೈಟಿಸ್ ಅಂತಾರೆ. ಹೆಚ್ಚಾಗಿ 20ರಿಂದ 45 ವರ್ಷದ ಒಳಗಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಜಾಸ್ತಿ ಬರುತ್ತೆ.

ಈ ಕಾಯಿಲೆಯಲ್ಲಿ ಹಾಳಾಗೋದು ನರದ ಮೇಲಿನ ಮಯಲಿನ್ ಅನ್ನೋ ಹೊದಿಕೆ. ಆ ಹೊದಿಕೆಯನ್ನ ಮತ್ತೆ ಬೆಳೆಸೋ ಔಷಧಿಗಾಗಿ ಹಲವು ವರ್ಷಗಳಿಂದ ಪ್ರಯೋಗ ನಡೀತಾ ಇದೆ. "ನರ ರಿಪೇರಿ ಮಾಡ್ತೀವಿ" ಅನ್ನೋ ಜಾಹೀರಾತುಗಳು ಮೊಬೈಲಿಗೂ ಬರ್ತಾ ಇವೆ. ಹಾಗಾಗಿ ನಿಜವಾಗಿ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ, ಕಣ್ಣು ಮಂಜಾದ್ರೆ ಮೊದಲು ಏನು ಮಾಡಬೇಕು ಅನ್ನೋದರ ವಿವರ ಇಲ್ಲಿದೆ.

ಮಯಲಿನ್ ಅಂದ್ರೇನು?

ಬೋರ್‌ವೆಲ್ ಮೋಟರಿನ ಕೇಬಲ್ ನೋಡಿದ್ದೀರಲ್ಲ. ಒಳಗೆ ತಾಮ್ರದ ತಂತಿ, ಮೇಲೆ ಕವರ್. ಕಣ್ಣಿನಿಂದ ಮೆದುಳಿಗೆ ಹೋಗೋ ಒಂದೊಂದು ನರದಲ್ಲೂ ಇಂಥ ಎಳೆಗಳು ಸುಮಾರು 10ರಿಂದ 12 ಲಕ್ಷ ಇರುತ್ತವೆ. ಎಳೆಗಳ ಮೇಲೆ ಸುತ್ತಿಕೊಂಡಿರೋ ಕೊಬ್ಬಿನ ಪದರವೇ ಮಯಲಿನ್. ಆಲಿಗೋಡೆಂಡ್ರೋಸೈಟ್ ಅನ್ನೋ ಜೀವಕೋಶಗಳು ಇದನ್ನ ತಯಾರಿಸುತ್ತವೆ. ಮಯಲಿನ್ ಇದ್ರೆ ಸಂದೇಶ ವೇಗವಾಗಿ ಓಡುತ್ತೆ. ಕಿತ್ತುಹೋದ್ರೆ ನಿಧಾನ ಆಗುತ್ತೆ, ಇಲ್ಲವೇ ದಾರಿಯಲ್ಲೇ ನಿಂತು ಹೋಗುತ್ತೆ.

ಕೇಬಲ್ಲಿಗೂ ನರಕ್ಕೂ ಒಂದು ವ್ಯತ್ಯಾಸ ಇದೆ. ಕೇಬಲ್ಲಿನ ಕವರ್ ತಾನಾಗಿ ಬೆಳೆಯಲ್ಲ. ಮಯಲಿನ್ ಸ್ವಲ್ಪ ಮಟ್ಟಿಗೆ ತಾನೇ ಬೆಳೆಯುತ್ತೆ. ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ದೃಷ್ಟಿ ವಾಪಸ್ ಬರೋದಕ್ಕೆ ಉರಿಯೂತ ಇಳಿಯೋದರ ಜೊತೆಗೆ ಇದೂ ಒಂದು ಕಾರಣ. ಆದರೆ ವಯಸ್ಸಾದ ಹಾಗೆ, ಮತ್ತೆ ಮತ್ತೆ ದಾಳಿ ಆದ ಹಾಗೆ ಈ ಶಕ್ತಿ ಕುಗ್ಗುತ್ತೆ. ಹೊದಿಕೆ ಇಲ್ಲದೆ ಬಹಳ ದಿನ ಇದ್ದ ಎಳೆ ಒಳಗಿಂದಲೇ ಸಾಯುತ್ತೆ. ಸತ್ತ ಎಳೆಯ ಮೇಲೆ ಮಯಲಿನ್ ಹಚ್ಚಿ ಪ್ರಯೋಜನ ಇಲ್ಲ. ಎಳೆ ಬದುಕಿರೋವಾಗಲೇ ಏನಾದ್ರೂ ಮಾಡಬೇಕು.

ದಾಳಿ ಮಾಡೋದು ಯಾರು?

ನಮ್ಮದೇ ರೋಗನಿರೋಧಕ ವ್ಯವಸ್ಥೆ. ಮುಖ್ಯವಾಗಿ ಮೂರು ಕಾಯಿಲೆಗಳಲ್ಲಿ ಹೀಗಾಗುತ್ತೆ. ಒಂದು, ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್. ಎರಡನೆಯದು ಎನ್‌ಎಂಒ. ಇದರಲ್ಲಿ ಅಕ್ವಾಪೊರಿನ್-4 ಅನ್ನೋ ಪ್ರೋಟೀನ್ ವಿರುದ್ಧ ಪ್ರತಿಕಾಯ ಹುಟ್ಟಿಕೊಳ್ಳುತ್ತೆ. ಮೂರನೆಯದು ಮಾಗ್ ಪ್ರತಿಕಾಯದ ಕಾಯಿಲೆ, ಇದು ಮಕ್ಕಳಲ್ಲೂ ಕಾಣಿಸುತ್ತೆ.

ಈ ವಿಷಯದಲ್ಲಿ ಕರ್ನಾಟಕದ ಹೆಸರು ದೊಡ್ಡದು. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ರೋಗಿಗಳ ದಾಖಲೆ ಇಟ್ಟುಕೊಂಡು ಬಂದಿದೆ. ಅದರ ಹೆಸರು 'ಮಂದಾರ'. ಮಂಗಳೂರು ನಗರದಲ್ಲಿ ಈ ತಂಡ ಮಾಡಿದ ಸಮೀಕ್ಷೆ 2014ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂಎಸ್, 2ರಿಂದ 3 ಮಂದಿಗೆ ಎನ್‌ಎಂಒ ಇತ್ತು. ಎಂಎಸ್ ಬಿಳಿಯರ ಕಾಯಿಲೆ, ನಮ್ಮ ಕಡೆ ಇಲ್ಲ ಅನ್ನೋ ಮಾತು ಇದರಿಂದ ಸುಳ್ಳಾಯ್ತು. ಪ್ರತಿಕಾಯ ಪತ್ತೆ ಮಾಡೋ ಪರೀಕ್ಷೆಯನ್ನೂ ಈ ತಂಡ ಅಲ್ಲೇ ಬೆಳೆಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಪರೀಕ್ಷೆ ಮಾಡ್ತಾರೆ.

ಯಾವ ಕಾಯಿಲೆ ಅಂತ ಗೊತ್ತಾಗೋದು ಯಾಕೆ ಮುಖ್ಯ ಅಂದ್ರೆ, ಎಂಎಸ್‌ಗೆ ಕೊಡೋ ಇಂಟರ್‌ಫೆರಾನ್, ಫಿಂಗೋಲಿಮೋಡ್ ತರಹದ ಔಷಧಿಗಳು ಎನ್‌ಎಂಒ ಇದ್ದವರಿಗೆ ಕೊಟ್ಟರೆ ಕಾಯಿಲೆ ಇನ್ನೂ ಜೋರಾಗಬಹುದು.

ಪ್ರಯೋಗಕ್ಕೆ ಕಣ್ಣೇ ಯಾಕೆ?

ಮೆದುಳಿನೊಳಗೆ ಮಯಲಿನ್ ಬೆಳೀತಾ ಇಲ್ವಾ ಅಂತ ನೋಡೋದು ಕಷ್ಟ. ಕಣ್ಣಿನ ನರದಲ್ಲಿ ಸುಲಭ. ವಿಇಪಿ ಅನ್ನೋ ಪರೀಕ್ಷೆ ಇದೆ. ರೋಗಿಯನ್ನ ಪರದೆ ಮುಂದೆ ಕೂರಿಸಿ, ಚದುರಂಗದ ಮಣೆ ತರಹದ ಕಪ್ಪು ಬಿಳಿ ಚೌಕಗಳನ್ನ ಅದಲು ಬದಲು ಮಾಡಿ ತೋರಿಸ್ತಾರೆ. ತಲೆಯ ಹಿಂಭಾಗಕ್ಕೆ ಅಂಟಿಸಿದ ವೈರು ಸಂದೇಶ ಮೆದುಳಿಗೆ ಯಾವಾಗ ತಲುಪಿತು ಅಂತ ಹೇಳುತ್ತೆ. ಆರೋಗ್ಯವಂತರಲ್ಲಿ ಇದು ಸುಮಾರು 100 ಮಿಲಿಸೆಕೆಂಡು, ಅಂದ್ರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮಯಲಿನ್ ಹೋಗಿದ್ರೆ ಇನ್ನೂ ತಡ ಆಗುತ್ತೆ. ಔಷಧಿ ಕೊಟ್ಟ ಮೇಲೆ ಈ ತಡ ಕಮ್ಮಿ ಆದ್ರೆ ಹೊದಿಕೆ ಬೆಳೆದಿದೆ ಅಂತ ಲೆಕ್ಕ.

ಇದುವರೆಗಿನ ಪ್ರಯೋಗಗಳು

ಕ್ಲೆಮಾಸ್ಟಿನ್: ಇದು ನೆಗಡಿ, ಅಲರ್ಜಿಗೆ ಕೊಡ್ತಿದ್ದ ಹಳೇ ಮಾತ್ರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದು ಮಯಲಿನ್ ಬೆಳೆಸುತ್ತೆ ಅಂತ ಮೊದಲು ಲ್ಯಾಬಿನಲ್ಲಿ ಕಂಡುಬಂತು. ಆಮೇಲೆ ಡಾ. ಆರಿ ಗ್ರೀನ್ ತಂಡ 50 ಎಂಎಸ್ ರೋಗಿಗಳಿಗೆ ಕೊಟ್ಟು ನೋಡಿತು. 2017ರಲ್ಲಿ ಫಲಿತಾಂಶ ಬಂತು. ಸಂದೇಶದ ತಡ ಕಣ್ಣೊಂದಕ್ಕೆ ಸರಾಸರಿ 1.7 ಮಿಲಿಸೆಕೆಂಡು ಕಮ್ಮಿ ಆಗಿತ್ತು. ಹಳೇ ಗಾಯಕ್ಕೂ ಹೊದಿಕೆ ಬೆಳೆಸಬಹುದು ಅನ್ನೋದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಗಟ್ಟಿ ಸುಳಿವು ಇದು. ಆದರೆ ಕಣ್ಣು ಕಾಣೋದು ಖಚಿತವಾಗಿ ಉತ್ತಮ ಆಯ್ತು ಅಂತ ಸಾಬೀತಾಗಲಿಲ್ಲ. ಸುಸ್ತು ಜಾಸ್ತಿ ಆಯ್ತು. ಆಮೇಲೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಎನ್‌ಐಎಚ್ ನಡೆಸಿದ ಬೇರೆ ಪ್ರಯೋಗದಲ್ಲಿ ಈ ಮಾತ್ರೆ ತಗೊಂಡ 9 ಮಂದಿಯಲ್ಲಿ 3 ಮಂದಿಗೆ ಕಾಯಿಲೆ ವೇಗವಾಗಿ ಹೆಚ್ಚಿತು. ಅಲ್ಲಿ ಈ ಔಷಧಿ ಕೊಡೋದನ್ನ ನಿಲ್ಲಿಸಿದರು.

ಒಪಿಸಿನುಮ್ಯಾಬ್: ಬಯೋಜೆನ್ ಕಂಪನಿಯ ಇಂಜೆಕ್ಷನ್. ಮೊದಲ ಸಲ ಆಪ್ಟಿಕ್ ನ್ಯೂರೈಟಿಸ್ ಬಂದ 82 ಮಂದಿ ಮೇಲೆ ಪ್ರಯೋಗ ಆಯ್ತು. ಮುಖ್ಯ ಗುರಿ ಮುಟ್ಟಲಿಲ್ಲ. ಎಂಎಸ್ ರೋಗಿಗಳಲ್ಲಿ ಮಾಡಿದ ಮುಂದಿನ ಪ್ರಯೋಗವೂ ಸೋತಿತು. 2020ರಲ್ಲಿ ಕಂಪನಿ ಕೈಬಿಟ್ಟಿತು.

ಬೆಕ್ಸಾರೊಟಿನ್: ಒಂದು ಬಗೆಯ ಕ್ಯಾನ್ಸರಿನ ಔಷಧಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ತಂಡ 52 ಮಂದಿಯನ್ನ ಸೇರಿಸಿಕೊಂಡು ಪ್ರಯೋಗ ಮಾಡಿತು, 2021ರಲ್ಲಿ ವರದಿ ಬಂತು. ಎಂಆರ್‌ಐನಲ್ಲಿ ಇಟ್ಟುಕೊಂಡ ಗುರಿ ಸಿಗಲಿಲ್ಲ, ವಿಇಪಿಯಲ್ಲಿ ಸುಧಾರಣೆ ಕಂಡಿತು. ಆದರೆ ಔಷಧಿ ತಗೊಂಡ ಪ್ರತಿಯೊಬ್ಬರಿಗೂ ಥೈರಾಯ್ಡ್ ಕುಸಿಯಿತು, ರಕ್ತದಲ್ಲಿ ಕೊಬ್ಬು ಏರಿತು ಅಂದವರೂ ಬಹುಪಾಲು. ಹಾಗಾಗಿ ಅದನ್ನ ಮುಂದುವರಿಸಲಿಲ್ಲ.

ಮೆಟ್‌ಫಾರ್ಮಿನ್ ಜೊತೆ ಕ್ಲೆಮಾಸ್ಟಿನ್: ಮೆಟ್‌ಫಾರ್ಮಿನ್ ಅಂದ್ರೆ ನಮ್ಮ ಮನೆ ಮನೆಯಲ್ಲಿರೋ ಶುಗರ್ ಮಾತ್ರೆ. ವಯಸ್ಸಾದ ಇಲಿಗಳಲ್ಲಿ ಇದು ಮಯಲಿನ್ ಕೋಶಗಳಿಗೆ ಮತ್ತೆ ಚುರುಕು ಕೊಟ್ಟಿದ್ದು 2019ರಲ್ಲಿ ಗೊತ್ತಾಗಿತ್ತು. ಅದೇ ಕೇಂಬ್ರಿಡ್ಜ್‌ನಲ್ಲಿ 70 ಎಂಎಸ್ ರೋಗಿಗಳ ಮೇಲೆ ಎರಡೂ ಮಾತ್ರೆ ಸೇರಿಸಿ ನೋಡಿದರು. 2025ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಹೇಳಿದರು. ಖಾಲಿ ಮಾತ್ರೆ ತಗೊಂಡವರಿಗಿಂತ ಇವರ ಕಣ್ಣಿನ ಸಂದೇಶದ ವೇಗ ಸ್ವಲ್ಪ ಚೆನ್ನಾಗಿತ್ತು. ಆರು ತಿಂಗಳಲ್ಲಿ ರೋಗಿಗೆ ತಾನಾಗಿ ಗೊತ್ತಾಗೋ ಬದಲಾವಣೆ ಮಾತ್ರ ಇರಲಿಲ್ಲ.

ಒಟ್ಟು ಲೆಕ್ಕ ಇಷ್ಟು: ಹೊದಿಕೆ ಬೆಳೆಸೋದು ಸಾಧ್ಯ ಅನ್ನೋ ಸುಳಿವು ಸಿಕ್ಕಿದೆ. ಲಾಭ ಸದ್ಯಕ್ಕೆ ಒಂದೆರಡು ಮಿಲಿಸೆಕೆಂಡು. ಮಯಲಿನ್ ಬೆಳೆಸೋದಕ್ಕೆ ಅಂತ ಒಪ್ಪಿಗೆ ಪಡೆದ ಔಷಧಿ ನಮ್ಮ ದೇಶದಲ್ಲೂ ಇಲ್ಲ, ಹೊರಗೂ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ ಅಂತ ಅಲರ್ಜಿ ಮಾತ್ರೆಯನ್ನೋ ಮನೆಯಲ್ಲಿರೋ ಶುಗರ್ ಮಾತ್ರೆಯನ್ನೋ ನೀವೇ ನುಂಗೋಕೆ ಹೋಗಬೇಡಿ. ಪ್ರಯೋಗದಲ್ಲಿ ಕೊಟ್ಟ ಕ್ಲೆಮಾಸ್ಟಿನ್ ಪ್ರಮಾಣ ಅಲರ್ಜಿಗೆ ಕೊಡೋದಕ್ಕಿಂತ ಜಾಸ್ತಿ, ಅದೂ ಡಾಕ್ಟರ ಕಣ್ಗಾವಲಿನಲ್ಲಿ.

ಹಾಗಾದ್ರೆ ಈಗ ದೃಷ್ಟಿ ಉಳಿಸೋದು ಯಾವುದು?

ಬೇಗ ಹೋಗೋದು. ಅಮೆರಿಕದಲ್ಲಿ 457 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 1992ರಲ್ಲಿ ಪ್ರಕಟವಾಯ್ತು. ಮೂರು ದಿನ ರಕ್ತನಾಳದ ಮೂಲಕ ಮೀಥೈಲ್ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಕೊಟ್ಟವರಿಗೆ ದೃಷ್ಟಿ ಬೇಗ ಮರಳಿತು. ಸಾಧಾರಣ ಪ್ರಮಾಣದ ಸ್ಟಿರಾಯ್ಡ್ ಮಾತ್ರೆ ಮಾತ್ರ ತಗೊಂಡವರಲ್ಲಿ ಕಾಯಿಲೆ ಮತ್ತೆ ಬರೋದು ಜಾಸ್ತಿ ಆಯ್ತು. ಅಂದ್ರೆ ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಸ್ಟಿರಾಯ್ಡ್ ಮಾತ್ರೆ ಕೆಡುಕೇ ಮಾಡಬಹುದು.

ಎಂಎಸ್ ತರಹದ ದಾಳಿಯಲ್ಲಿ ತಡ ಆದ್ರೂ ಬಹಳ ಜನಕ್ಕೆ ದೃಷ್ಟಿ ಬರುತ್ತೆ. ಎನ್‌ಎಂಒ ಹಾಗಲ್ಲ. ಅಲ್ಲಿ ಕೆಲವು ದಿನ ತಡ ಆದ್ರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಡ್ರಿಪ್ಪಿಗೆ ಬಗ್ಗದಿದ್ರೆ ರಕ್ತದ ಪ್ಲಾಸ್ಮಾ ಬದಲಿಸ್ತಾರೆ. ಮುಂದೆ ದಾಳಿ ಬರದ ಹಾಗೆ ರಿಟುಕ್ಸಿಮ್ಯಾಬ್‌ನಂಥ ಔಷಧಿ ಕೊಡ್ತಾರೆ. ಯಾವ ಬಗೆ ಅಂತ ಮನೆಯಲ್ಲಿ ಕೂತು ಗೊತ್ತಾಗಲ್ಲ. ಅದಕ್ಕೇ ಕಾಯಬಾರದು.

ನಮ್ಮ ನಾಲ್ಕೂ ತಾಲ್ಲೂಕಿನವರು ಮೊದಲು ಹತ್ತಿರದ ಕಣ್ಣಿನ ಡಾಕ್ಟರಿಗೆ ತೋರಿಸಿ. "ನರದ ತೊಂದರೆ ಇರಬಹುದಾ?" ಅಂತ ನೇರವಾಗಿ ಕೇಳಿ. ಬೆಂಗಳೂರಿಗೆ ಕಳಿಸಿದ್ರೆ ಹಬ್ಬ, ಮದುವೆ ಮುಗೀಲಿ ಅನ್ನಬೇಡಿ. ಸರ್ಕಾರಿ ವ್ಯವಸ್ಥೆಯಲ್ಲಿ ಕಣ್ಣಿಗೆ ಮಿಂಟೋ ಆಸ್ಪತ್ರೆ, ನರಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇವೆ. ಹಳೇ ಚೀಟಿ, ಎಂಆರ್‌ಐ ಫಿಲ್ಮ್ ಎಲ್ಲ ಜೊತೆಗಿರಲಿ. ಟಿಬಿ ಮಾತ್ರೆ ತಗೊಳ್ತಿದ್ರೆ ತಪ್ಪದೆ ಹೇಳಿ. ಅದರಲ್ಲಿರೋ ಎಥಾಂಬುಟಾಲ್ ಕೂಡ ಕಣ್ಣಿನ ನರ ಕೆಡಿಸಬಹುದು, ಅದರ ದಾರಿ ಬೇರೆ.

ವಾಸಿಯಾದ ಮೇಲೆ ಬಿಸಿಲಲ್ಲಿ ದುಡಿದಾಗ, ಜ್ವರ ಬಂದಾಗ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗಬಹುದು. ಮೈ ತಣ್ಣಗಾದ ಮೇಲೆ ಸರಿ ಹೋದ್ರೆ ಅದು ಹೊಸ ದಾಳಿ ಅಲ್ಲ. ಹೊದಿಕೆ ತೆಳುವಾದ ನರ ಬಿಸಿಗೆ ತಡೆಯಲ್ಲ, ಅಷ್ಟೇ. ಒಂದು ದಿನ ಕಳೆದರೂ ಹೋಗದಿದ್ರೆ ಡಾಕ್ಟರ ಹತ್ತಿರ ಹೋಗಿ.

ಸ್ಟೆಮ್ ಸೆಲ್ ಅಂತ ಯಾರಾದ್ರೂ ಕರೆದ್ರೆ?

ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ ರಕ್ತ ಸಂಬಂಧಿ ಕೆಲವು ಕಾಯಿಲೆ ಬಿಟ್ಟು ಬೇರೆ ಕಡೆ ಸ್ಟೆಮ್ ಸೆಲ್ ಬಳಸಬೇಕಾದ್ರೆ ಅದು ಒಪ್ಪಿಗೆ ಪಡೆದ ಪ್ರಯೋಗದ ಒಳಗೇ ಆಗಬೇಕು. ಚಿಕಿತ್ಸೆ ಅಂತ ಮಾರೋ ಹಾಗಿಲ್ಲ. ಜಮೀನು ಅಡ ಇಟ್ಟು ದುಡ್ಡು ಕಟ್ಟೋ ಮೊದಲು ಈ ಮೂರು ಪ್ರಶ್ನೆ ಕೇಳಿ:

1. ಇದು ಪ್ರಯೋಗವಾ, ಚಿಕಿತ್ಸೆಯಾ? ಪ್ರಯೋಗ ಆದ್ರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ದೇಶದ ಪ್ರಯೋಗಗಳ ಈ ಸರ್ಕಾರಿ ಪಟ್ಟಿಯನ್ನ ಮೊಬೈಲಿನಲ್ಲೇ ಯಾರು ಬೇಕಾದ್ರೂ ನೋಡಬಹುದು.

2. ನೈತಿಕ ಸಮಿತಿ ಒಪ್ಪಿಗೆ ಎಲ್ಲಿ? ನನಗೆ ಅರ್ಥ ಆಗೋ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡ್ತೀರಾ?

3. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಖರ್ಚು ಯಾರದು? 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದ್ರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಪ್ರಯೋಗ ಮಾಡಿಸೋರ ಹೊಣೆ.

ಉತ್ತರ ಕೊಡದೆ ಮೊದಲು ಅಡ್ವಾನ್ಸ್ ಕೇಳಿದ್ರೆ ಎದ್ದು ಬನ್ನಿ.

ಇದೂ ಗೊತ್ತಿರಲಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಕುರುಡುತನ, ಮಂದ ದೃಷ್ಟಿಯೂ ಇವೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆಯೂ ಇದೆ, ಅಲ್ಲಿ ಇದೇ ಕಾಯಿಲೆ ಇರೋ ಬೇರೆ ಕುಟುಂಬಗಳ ಪರಿಚಯ ಆಗುತ್ತೆ.

ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಕೆಂಪು ಬಣ್ಣ ನೋಡೋದಕ್ಕೆ ಅರ್ಧ ನಿಮಿಷ ಸಾಕು. ಆಮೇಲೆ ಕಣ್ಣು ಬದಲಿಸಿ ನೋಡಿ. ಎರಡು ಕಣ್ಣಿಗೂ ಬಣ್ಣ ಬೇರೆ ಬೇರೆ ಕಂಡು, ಜೊತೆಗೆ ನೋವೂ ಇದ್ದರೆ ನಾಳೆ ಬೆಳಗ್ಗೆಯೇ ಡಾಕ್ಟರಿಗೆ ತೋರಿಸಿ.