ರೇಡಾರ್ ಆಲ್ಟಿಮೀಟರ್‌ಗಳ ಮಾಪನಾಂಕ ನಿರ್ಣಯ

ಕಕ್ಷೆಯಿಂದ ಕಳುಹಿಸಿದ ರೇಡಾರ್ ಮಿಡಿತ ಸಮುದ್ರಕ್ಕೆ ತಾಗಿ ಮರಳುವ ಸಮಯದಿಂದ ನೀರಿನ ಮಟ್ಟವನ್ನು ಲೆಕ್ಕಹಾಕುವ ಉಪಕರಣಗಳನ್ನು ಸ್ವತಂತ್ರ ಅಳತೆಗಳೊಡನೆ ಹೋಲಿಸಿ ಪರೀಕ್ಷಿಸುವ ಕ್ರಮ. 1992ರಲ್ಲಿ ಉಡಾವಣೆಯಾದ ಟೋಪೆಕ್ಸ್/ಪೊಸೈಡನ್ ಉಪಗ್ರಹ ಸುಮಾರು 1336 ಕಿ.ಮೀ. ಎತ್ತರದಿಂದ ಅಳೆಯಬೇಕಿದ್ದದ್ದು ಸಮುದ್ರಮಟ್ಟದ ವರ್ಷಕ್ಕೆ ಸುಮಾರು 3 ಮಿ.ಮೀ. ಏರಿಕೆಯನ್ನು. ಇಂಥ ಕೆಲಸದಲ್ಲಿ ಸ್ಥಿರವಾದ ದೋಷಕ್ಕಿಂತ ನಿಧಾನವಾಗಿ ಜಾರುವ ದೋಷವೇ ಅಪಾಯಕಾರಿ. ಮೊದಲನೆಯದು ಏರಿಕೆಯ ದರವನ್ನು ಕೆಡಿಸದು. ಎರಡನೆಯದು ತಾನೇ ಏರಿಕೆಯ ವೇಷ ತೊಡುತ್ತದೆ. ಟೋಪೆಕ್ಸ್‌ನ ಮೊದಲ ಆಲ್ಟಿಮೀಟರ್ ಕ್ಷೀಣಿಸಿದ್ದರಿಂದ 1999ರಲ್ಲಿ ಮೀಸಲು ಉಪಕರಣವನ್ನು ಚಾಲೂ ಮಾಡಬೇಕಾಯಿತು. ಆ ಆರಂಭದ ವರ್ಷಗಳ ದತ್ತಾಂಶವನ್ನು ತಿದ್ದಿದ ಬಳಿಕ, ಸಮುದ್ರ ಏರುವ ವೇಗವೇ ಹೆಚ್ಚುತ್ತಿರುವುದು ಹೆಚ್ಚು ಸ್ಪಷ್ಟವಾಗಿ ಕಂಡಿತು. ಪರೀಕ್ಷೆಯ ಮಹತ್ವಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಹಾರ್ವೆಸ್ಟ್ ತೈಲ ವೇದಿಕೆ, ಕಾರ್ಸಿಕಾದ ಸೆನೆಟೋಸಾ, ಗ್ರೀಸಿನ ಗಾವ್ಡೋಸ್, ಆಸ್ಟ್ರೇಲಿಯಾದ ಬಾಸ್ ಜಲಸಂಧಿ ಪ್ರಮುಖ ಪರೀಕ್ಷಾ ತಾಣಗಳು. ಉಪಗ್ರಹ ಮೇಲೆ ಹಾದುಹೋಗುವ ಕ್ಷಣದಲ್ಲೇ ಇಲ್ಲಿ ನೀರಿನ ಮಟ್ಟವನ್ನು ಅಳೆಯುತ್ತಾರೆ. ಮಾಪಕ ನಿಂತ ನೆಲವೇ ಕುಸಿಯಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ತೈಲ ತೆಗೆದಲ್ಲಿ ಕುಸಿತ ಸಹಜವೂ ಹೌದು. ಆದ್ದರಿಂದಲೇ ಹಾರ್ವೆಸ್ಟ್‌ನಲ್ಲಿ ಜಿಪಿಎಸ್ ನಿರಂತರವಾಗಿ ವೇದಿಕೆಯ ಲಂಬ ಚಲನೆಯನ್ನು ದಾಖಲಿಸುತ್ತದೆ, ಲೆಕ್ಕದಿಂದ ಅದನ್ನು ಕಳೆಯಲಾಗುತ್ತದೆ. ಕರಾವಳಿ ಮಾಪಕಗಳಿಗೆ ಉಪಗ್ರಹವನ್ನು ಹೊಂದಿಸಿದರೆ ಅದರ ಸ್ವಾತಂತ್ರ್ಯ ಉಳಿಯದು ಎಂಬ ಇನ್ನೊಂದು ಆಕ್ಷೇಪಕ್ಕೂ ಉತ್ತರವಿದೆ: ಮಾಪಕಗಳ ಮುಖ್ಯ ಪಾತ್ರ ದೋಷವನ್ನು ಪತ್ತೆಹಚ್ಚುವುದು, ಕಾರಣವನ್ನು ಹುಡುಕಬೇಕಾದದ್ದು ಉಪಕರಣದಲ್ಲೇ. ಜೊತೆಗೆ ಹಳೆಯ, ಹೊಸ ಉಪಗ್ರಹಗಳನ್ನು ಒಂದೇ ಪಥದಲ್ಲಿ ಹಾರಿಸಿಯೂ ಹೋಲಿಸುತ್ತಾರೆ. 2020ರಲ್ಲಿ ಉಡಾಯಿಸಿದ ಸೆಂಟಿನೆಲ್-6 ಹೀಗೆ ಜೇಸನ್-3ರೊಂದಿಗೆ ಸುಮಾರು 30 ಸೆಕೆಂಡುಗಳ ಅಂತರದಲ್ಲಿ ಸಾಗಿತು.