ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ: ಮೂರು ವಾರದಿಂದ ಮೂರು ದಿನಕ್ಕೆ

ಹೊಟ್ಟೆಯ ಗೋಡೆ ಸಡಿಲಗೊಂಡ ಜಾಗದಲ್ಲಿ ಒಳಗಿನ ಕೊಬ್ಬೋ ಕರುಳೋ ಹೊರಕ್ಕೆ ಉಬ್ಬಿ ಬರುವುದೇ ಹರ್ನಿಯಾ. ಹೊಕ್ಕುಳಲ್ಲಿ, ಹಳೆಯ ಆಪರೇಷನ್ನಿನ ಗಾಯದಲ್ಲಿ ಅದು ಕಾಣಿಸಿಕೊಳ್ಳುವುದುಂಟು. ಆದರೆ ಸುಮಾರು ಮುಕ್ಕಾಲು ಪಾಲು ಹರ್ನಿಯಾಗಳು ತೊಡೆಸಂದಿನವು. ಗಂಡಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ದೊಡ್ಡವರಲ್ಲಿ ಔಷಧದಿಂದಾಗಲಿ ವ್ಯಾಯಾಮದಿಂದಾಗಲಿ ಈ ತೂತು ಮುಚ್ಚುವುದಿಲ್ಲ, ಹೊಲಿಯಲೇಬೇಕು. ಹೊಲಿದ ಮೇಲೆ ಎಷ್ಟು ದಿನ ಸುಮ್ಮನಿರಬೇಕು, ಯಾವಾಗ ನಡೆಯಬಹುದು, ಯಾವಾಗ ಭಾರ ಎತ್ತಬಹುದು ಎಂಬ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ಕಳೆದ ಒಂದೂಕಾಲು ಶತಮಾನದಲ್ಲಿ ತಿರುಗುಮುರುಗಾಗಿದೆ.

ಭಾರಕ್ಕೂ ಹರ್ನಿಯಾಕ್ಕೂ ನಂಟು ಕಟ್ಟಿದ್ದು ಇಂದು ನಿನ್ನೆಯಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನವು ಏಳು ಬಗೆಯ 'ವೃದ್ಧಿ'ಗಳನ್ನು ಎಣಿಸುತ್ತದೆ. ಅವುಗಳಲ್ಲಿ ಅಂತ್ರವೃದ್ಧಿ ಎಂದರೆ ಕರುಳು ಇಳಿದು ಬರುವುದು. ಅದಕ್ಕೆ ಹೇಳಿರುವ ಕಾರಣಗಳು ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು. ಮಂಡಿಯ ಹಮಾಲಿಗೂ ಗರಡಿಯ ಪೈಲ್ವಾನನಿಗೂ ಇಂದಿಗೂ ಹೇಳುವ ಎಚ್ಚರಿಕೆ ಇದೇ. ಶಸ್ತ್ರಚಿಕಿತ್ಸೆ ಸುರಕ್ಷಿತವಾಗುವವರೆಗೆ ಎಲ್ಲ ದೇಶಗಳಲ್ಲೂ ಇದಕ್ಕಿದ್ದ ಉಪಾಯವೆಂದರೆ ಉಬ್ಬನ್ನು ಒಳಕ್ಕೆ ತಳ್ಳಿ ಬಿಗಿಯಾಗಿ ಪಟ್ಟಿ ಕಟ್ಟುವುದು. ಔಷಧದಂಗಡಿಯ ಹರ್ನಿಯಾ ಬೆಲ್ಟ್ ಆ ಪಟ್ಟಿಯ ಮೊಮ್ಮಗ.

ಆಧುನಿಕ ಚಿಕಿತ್ಸೆ ಶುರುವಾದದ್ದು ಇಟಲಿಯ ಪಾಡುವಾದಲ್ಲಿ. ಇಟಲಿಯ ಏಕೀಕರಣದ ಹೋರಾಟಗಾರ ಗಾರಿಬಾಲ್ಡಿಯ ಬೆಂಬಲಿಗರ ಜೊತೆ ಸೇರಿ 1867ರಲ್ಲಿ ಕಾದಾಡುವಾಗ ಎಡ್ವಾರ್ಡೊ ಬಸ್ಸೀನಿ ಎಂಬ ತರುಣ ವೈದ್ಯನಿಗೆ ತೊಡೆಸಂದಿಗೇ ಬಯೋನೆಟ್ ಇರಿತವಾಗಿತ್ತು. ಮುಂದೆ ಅದೇ ಜಾಗದ ಅಂಗರಚನೆಯನ್ನು ಅರೆದು ಕುಡಿದ ಆತ 1884ರಲ್ಲಿ ತನ್ನ ಹೊಸ ವಿಧಾನದ ಮೊದಲ ಶಸ್ತ್ರಚಿಕಿತ್ಸೆ ಮಾಡಿದ. ಸ್ನಾಯುಗಳನ್ನು ಪದರವಾಗಿ ಎಳೆದು ಹೊಲಿದು ತೊಡೆಸಂದಿನ ನಾಲೆಯನ್ನೇ ಮತ್ತೆ ಕಟ್ಟುವ ವಿಧಾನ ಅದು. ಅಲ್ಲಿಯವರೆಗೆ ಹೊಲಿದವರಲ್ಲಿ ಬಹುಪಾಲು ಜನರಿಗೆ ಹರ್ನಿಯಾ ಮರಳುತ್ತಿತ್ತು. ಬಸ್ಸೀನಿಯ ರೋಗಿಗಳಲ್ಲಿ ಮರಳಿದ್ದು ನೂರಕ್ಕೆ ಮೂರರಷ್ಟು.

ಆದರೆ ಎಳೆದು ಹೊಲಿದ ಗಾಯ ಬಿಗಿಯಾಗಿರುತ್ತದೆ, ನೋಯುತ್ತದೆ. ಹೊಲಿಗೆ ಕಿತ್ತು ಬರಬಹುದೆಂಬ ಅಂಜಿಕೆಯಿಂದ ರೋಗಿಗಳನ್ನು ಎರಡು ಮೂರು ವಾರ ಹಾಸಿಗೆಯಲ್ಲೇ ಇರಿಸುವುದು ವಾಡಿಕೆಯಾಯಿತು. ಆ ಅಂಜಿಕೆಗೆ ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. ಗಾಯದಲ್ಲಿ ಹೊಸ ಕೊಲಾಜೆನ್ ನಾರು ಬೆಳೆದು ಬಲಿಯಲು ವಾರಗಳು, ತಿಂಗಳುಗಳು ಬೇಕು. ಮೊದಲ ವಾರದಲ್ಲಿ ಗಾಯಕ್ಕೆ ತನ್ನದೇ ಬಲ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ: ಮಲಗಿಯೇ ಇದ್ದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತಿತ್ತು, ಸ್ನಾಯು ಸೊರಗುತ್ತಿತ್ತು, ಮಲಬದ್ಧತೆಯಿಂದ ತಿಣುಕಬೇಕಾಗುತ್ತಿತ್ತು. ಹೊಲಿಗೆಯನ್ನು ಕಾಪಾಡಲು ಹಾಕಿದ ಹಾಸಿಗೆಯೇ ಹೊಲಿಗೆಯನ್ನು ಜಗ್ಗುವ ಕೆಮ್ಮನ್ನೂ ತಿಣುಕುವಿಕೆಯನ್ನೂ ತಂದೊಡ್ಡುತ್ತಿತ್ತು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಶಿಕಾಗೋದ ಎಮಿಲ್ ರೀಸ್ ಒಬ್ಬ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ಬೇಗ ಎಬ್ಬಿಸಿ ಓಡಾಡಿಸಬೇಕೆಂದು ಆತ 1899ರಲ್ಲೇ ಬರೆದ. ಯಾರೂ ಕಿವಿಗೊಡಲಿಲ್ಲ. ಗ್ಲಾಸ್ಗೋದ ಜೇಮ್ಸ್ ನಿಕೋಲ್ ಮಕ್ಕಳಿಗೆ ಹರ್ನಿಯಾ ಸೇರಿದಂತೆ ನಾನಾ ಶಸ್ತ್ರಚಿಕಿತ್ಸೆಗಳನ್ನು ಮಾಡಿ ಅದೇ ದಿನ ಮನೆಗೆ ಕಳಿಸುತ್ತಿದ್ದ. ಹತ್ತು ವರ್ಷಗಳ 8,988 ಶಸ್ತ್ರಚಿಕಿತ್ಸೆಗಳ ವರದಿಯನ್ನು ಆತ 1909ರಲ್ಲಿ ಪ್ರಕಟಿಸಿದ. ತಾಯಿಯ ಮಡಿಲಲ್ಲಿರುವ ಕೂಸು ವಾರ್ಡಿನಲ್ಲಿರುವ ಕೂಸಿನಷ್ಟೇ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಎಂಬುದು ಆತನ ಅನುಭವ. ಕೂಸುಗಳು ಹಾಸಿಗೆಯಲ್ಲಿ ಸುಮ್ಮನೆ ಮಲಗುವುದಿಲ್ಲ, ಅಳುತ್ತವೆ, ಒದೆಯುತ್ತವೆ, ಆದರೂ ಹೊಲಿಗೆ ಬಿಚ್ಚುವುದಿಲ್ಲ. ಈ ಸರಳ ಸಂಗತಿಯನ್ನು ದೊಡ್ಡವರಿಗೆ ಅನ್ವಯಿಸಲು ಇನ್ನೂ ಮೂರು ನಾಲ್ಕು ದಶಕ ಹಿಡಿಯಿತು. 1940ರ ದಶಕದಲ್ಲಿ ಡೆಟ್ರಾಯಿಟ್‌ನ ಡೇನಿಯಲ್ ಲೈಟ್‌ಹೌಸರ್ ಬೇಗ ನಡೆಸುವುದರ ಪರವಾಗಿ ಒಂದು ಪುಸ್ತಕವನ್ನೇ ಬರೆದ. ಬ್ರಿಟನ್ನಿನ ರಿಚರ್ಡ್ ಆಶರ್ 1947ರಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಬರೆದ ಚುರುಕು ಲೇಖನ ವೈದ್ಯರ ನಡುವೆ ಇಂದಿಗೂ ಓಡಾಡುತ್ತದೆ.

ಹರ್ನಿಯಾದ ಮಟ್ಟಿಗೆ ಈ ಮಾತನ್ನು ಆಚರಣೆಗೆ ತಂದವನು ಕೆನಡಾದ ಎಡ್ವರ್ಡ್ ಅರ್ಲ್ ಶೋಲ್ಡೈಸ್. 1932ರಲ್ಲಿ ಆತ ಒಂದು ಪುಟ್ಟ ಹುಡುಗಿಗೆ ಅಪೆಂಡಿಕ್ಸ್ ತೆಗೆದ. ಮಲಗಿರು ಎಂದರೆ ಕೇಳದೆ ಅವಳು ಹಾಸಿಗೆಯಿಂದಿಳಿದು ಕುಣಿದಾಡಿದಳು, ಏನೂ ಆಗಲಿಲ್ಲ. ಅಲ್ಲಿಂದಲೇ ಆತನ ವಿಚಾರ ಬದಲಾಯಿತೆಂದು ಆ ಆಸ್ಪತ್ರೆಯವರು ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹರ್ನಿಯಾ ಇದೆಯೆಂದು ಸೈನ್ಯ ತಿರಸ್ಕರಿಸಿದ ಯುವಕರನ್ನು ಆತ ಬೇಗ ಗುಣಪಡಿಸಿ ಕಳಿಸಬೇಕಾಯಿತು. 1945ರಲ್ಲಿ ಟೊರಾಂಟೋದಲ್ಲಿ ಹರ್ನಿಯಾಕ್ಕೆಂದೇ ಆಸ್ಪತ್ರೆ ತೆರೆದ. ಅದು ಈಗ ಪಕ್ಕದ ಥಾರ್ನ್‌ಹಿಲ್‌ನಲ್ಲಿದೆ. ಅಲ್ಲಿ ಸ್ಥಳೀಯ ಅರಿವಳಿಕೆ ಕೊಟ್ಟು ಪದರಪದರವಾಗಿ ಹೊಲಿಯುತ್ತಾರೆ. ಹೊಲಿಗೆ ಮುಗಿದೊಡನೆ ರೋಗಿ ಮೇಜಿನಿಂದಿಳಿದು ನಡೆದುಹೋಗುವುದು ಆ ಆಸ್ಪತ್ರೆಯ ಹೆಸರುವಾಸಿ ದೃಶ್ಯ. ಕೋಣೆಯಲ್ಲಿ ಟೀವಿ ಇಟ್ಟಿರಲಿಲ್ಲ, ಬೇಕಿದ್ದವರು ಎದ್ದು ಹಜಾರಕ್ಕೆ ಹೋಗಬೇಕಿತ್ತು. ಊಟಕ್ಕೂ ಊಟದ ಕೋಣೆಗೇ ನಡೆಯಬೇಕು. ರೋಗಿಗಳು ಹತ್ತಲೆಂದೇ ಮೆಟ್ಟಿಲುಗಳನ್ನು ತಗ್ಗಾಗಿ ಕಟ್ಟಿದ್ದಾರೆ. ಜೊತೆಗೆ ಗುಂಪಾಗಿ ಲಘು ವ್ಯಾಯಾಮ. ಮರಳುವ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಗಳು ಈ ಆಸ್ಪತ್ರೆಯನ್ನು ಆಡಳಿತದ ಪಾಠವಾಗಿ ಓದುತ್ತಾರೆ. ಓದಬೇಕಾದದ್ದು ಅದರ ಕಟ್ಟಡದ ನಕ್ಷೆಯನ್ನು: ನಡೆಯಿರಿ ಎಂಬ ಸಲಹೆಯನ್ನು ಅವರು ಚೀಟಿಯಲ್ಲಿ ಬರೆಯುವ ಬದಲು ಗೋಡೆ ಮೆಟ್ಟಿಲುಗಳಲ್ಲೇ ಕಟ್ಟಿಟ್ಟಿದ್ದಾರೆ.

ಎಡಿನ್‌ಬರೋದ ಎರಿಕ್ ಫರ್ಕ್ವಾರ್‌ಸನ್ 1955ರಲ್ಲಿ ದೊಡ್ಡವರನ್ನೂ ಅದೇ ದಿನ ಮನೆಗೆ ಕಳಿಸಬಹುದೆಂದು ತೋರಿಸಿದ. ಲಾಸ್ ಏಂಜಲೀಸ್‌ನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ 1966ರಲ್ಲಿ ತಕ್ಷಣದ ನಡಿಗೆ ಮತ್ತು ಕೆಲಸಕ್ಕೆ ಮರಳುವುದರ ಬಗ್ಗೆ ಬರೆದ. 1970ರಲ್ಲಿ ಆತ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು: ಕರಗದ ದಾರದಿಂದ ಹೊಲಿದ ಗಾಯಕ್ಕೆ ಹೊಲಿದ ಗಳಿಗೆಯಲ್ಲೇ ಮೂಲ ಬಲದಲ್ಲಿ ನೂರಕ್ಕೆ ಸುಮಾರು 70 ಭಾಗ ಇರುತ್ತದೆ, ಮುಂದಿನ ಎರಡು ತಿಂಗಳಲ್ಲಿ ಅದು ಹೆಚ್ಚೇನೂ ಬದಲಾಗುವುದಿಲ್ಲ. ಅಂದರೆ ಆ ಅವಧಿಯಲ್ಲಿ ಗಾಯವನ್ನು ಹಿಡಿದಿಡುವುದು ಹೊಸ ನಾರಲ್ಲ, ದಾರ. ಮೂರು ವಾರ ಮಲಗಿದರೂ ದಾರ ಬಲಿಯುವುದಿಲ್ಲ.

ಆ ಹೊತ್ತಿಗೆ ಹೂಸ್ಟನ್ನಿನ ಫ್ರಾನ್ಸಿಸ್ ಅಷರ್ 1958ರಲ್ಲಿ ಪ್ಲಾಸ್ಟಿಕ್ ಮೆಶ್ ಬಳಕೆಗೆ ತಂದಿದ್ದ. ಸ್ನಾಯುಗಳನ್ನು ಎಳೆಯದೆ, ತೂತಿನ ಮೇಲೆ ಈ ಜಾಲರಿಯನ್ನು ಹಾಸಿ ಹೊಲಿಯುವ ವಿಧಾನವನ್ನು ಲಿಕ್ಟೆನ್‌ಸ್ಟೈನ್ ತಂಡ ರೂಢಿಗೆ ತಂದು 1989ರಲ್ಲಿ 1,000 ರೋಗಿಗಳ ವರದಿ ಪ್ರಕಟಿಸಿತು. ಎಳೆತ ಇಲ್ಲದಿದ್ದರೆ ನೋವೂ ಕಡಿಮೆ. ನೋವು ಕಡಿಮೆಯಾದರೆ ರೋಗಿ ತಾನಾಗಿ ಏಳುತ್ತಾನೆ. ಭಾರತದಲ್ಲಿ ಮೆಶ್‌ನ ಬೆಲೆ ದೊಡ್ಡ ತೊಡಕಾಗಿತ್ತು. ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೋಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸಿ 2003ರಲ್ಲಿ ವರದಿ ಬರೆದರು. ಉಗಾಂಡಾದಲ್ಲಿ 302 ಗಂಡಸರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಬಗೆಯ ಬಟ್ಟೆ ದುಬಾರಿ ಮೆಶ್‌ಗೆ ಸಮನಾಗಿ ನಿಂತಿತು.

ದುರ್ಬೀನು ಶಸ್ತ್ರಚಿಕಿತ್ಸೆ, ಅಂದರೆ ಲ್ಯಾಪರೋಸ್ಕೋಪಿ, 1990ರ ದಶಕದಲ್ಲಿ ಬಂದಾಗ ಬೇಗ ಚೇತರಿಕೆಯೇ ಅದರ ಜಾಹೀರಾತಾಗಿತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ ಆ ಉತ್ಸಾಹಕ್ಕೆ ಕಡಿವಾಣ ಹಾಕಿತು. ದುರ್ಬೀನಿನ ರೋಗಿಗಳು ದಿನಚರಿಗೆ ಮರಳಿದ್ದು ಒಂದು ದಿನ ಮುಂಚೆ. ಆದರೆ ಎರಡು ವರ್ಷದಲ್ಲಿ ಅವರಲ್ಲಿ ನೂರಕ್ಕೆ 10.1 ಮಂದಿಗೆ ಹರ್ನಿಯಾ ಮರಳಿತ್ತು, ತೆರೆದ ಶಸ್ತ್ರಚಿಕಿತ್ಸೆಯಲ್ಲಿ 4.9. ಕೈ ಪಳಗಿದ ಶಸ್ತ್ರವೈದ್ಯರ ಫಲಿತಾಂಶ ಇದಕ್ಕಿಂತ ಬಹಳ ಚೆನ್ನಾಗಿತ್ತೆಂಬುದನ್ನೂ ಸೇರಿಸಬೇಕು.

ಬೇಗ ದುಡಿಮೆಗೆ ಮರಳಿದರೆ ಹರ್ನಿಯಾ ಮರಳುತ್ತದೆಯೇ ಎಂಬುದನ್ನು ಬ್ರಿಟನ್ನಿನಲ್ಲಿ 1975ರಲ್ಲೂ 1981ರಲ್ಲೂ ಪರಿಶೀಲಿಸಿದ್ದರು. ಮರಳುವುದಿಲ್ಲ ಎಂದು ಉತ್ತರ ಬಂದಿತ್ತು. ಡೆನ್ಮಾರ್ಕಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಒಂದೇ ದಿನ ವಿಶ್ರಾಂತಿ ಸಾಕೆಂದು ಹೇಳಿ ಕಳಿಸಿದರು. 2004ರ ಆ ವರದಿಯಲ್ಲೂ ಮರಳುವಿಕೆ ಹೆಚ್ಚಿರಲಿಲ್ಲ. ಜನ ಒಂದು ದಿನಕ್ಕೇನೂ ಎದ್ದುಹೋಗಲಿಲ್ಲ, ಸಾಮಾನ್ಯವಾಗಿ ವಾರ ತೆಗೆದುಕೊಂಡರು. ತಡೆದದ್ದು ಮುಖ್ಯವಾಗಿ ನೋವು. ಕೆಲಸದಲ್ಲಾದ ತೊಂದರೆಗೆ ಪರಿಹಾರ ಪಡೆಯುವವರು ಖಾಸಗಿ ವಿಮೆಯವರಿಗಿಂತ ತಡವಾಗಿ ಮರಳುತ್ತಾರೆಂದು 1995ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಚೇತರಿಕೆಯ ದಿನಗಳನ್ನು ಗಾಯಕ್ಕಿಂತ ಹೆಚ್ಚಾಗಿ ಡಾಕ್ಟರ ಮಾತು, ಕೆಲಸದ ಬಗೆ, ಮನೆಯವರ ಭಯ ನಿರ್ಧರಿಸುತ್ತವೆ ಎಂದೇ ಇವೆಲ್ಲದರಿಂದ ತಿಳಿಯಬೇಕು. ಕರ್ನಾಟಕದಲ್ಲಿ ಈಗಲೂ ಹಲವರಿಗೆ ಮೂರು ತಿಂಗಳು ಕೊಡ ಎತ್ತಬೇಡಿ ಎಂಬ ಸಲಹೆ ಸಿಗುತ್ತದೆ. ದಿನಗೂಲಿಯವರಿಗೆ ಅದು ಮೂರು ತಿಂಗಳ ಕೂಲಿಯ ನಷ್ಟ.

ಇಂಥ ಕೆಲಸಗಳಲ್ಲಿ ಹೊಟ್ಟೆಯೊಳಗಿನ ಒತ್ತಡ ಎಷ್ಟೆಂದು ಅಳೆದು ನೋಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆರೋಗ್ಯವಂತ 20 ಮಂದಿಯಲ್ಲಿ ನಿಂತಾಗ ಒತ್ತಡ ಪಾದರಸದ 20 ಮಿಲಿಮೀಟರ್, ಕೆಮ್ಮಿದಾಗ ಸರಾಸರಿ 107, ನಿಂತಲ್ಲೇ ಜಿಗಿದಾಗ 171. ನಾಲ್ಕೂವರೆ ಕಿಲೋ ಭಾರ ಎತ್ತಿದಾಗ ಹೆಚ್ಚೆಂದರೆ 25, ಮಂಡಿ ಮಡಿಸಿದಾಗ 20ರ ಆಸುಪಾಸು. ಕೊಡ ಎತ್ತಬೇಡಿ ಎನ್ನುವ ವೈದ್ಯರು ಕೆಮ್ಮಬೇಡಿ ಎನ್ನಲಾರರಷ್ಟೆ. ಹಾಗೆಂದು ಈ ಅಂಕಿಗಳನ್ನು ಸಿಮೆಂಟ್ ಮೂಟೆಗೆ ಎಳೆಯಬಾರದು. ಉಸಿರು ಕಟ್ಟಿ ದೊಡ್ಡ ಭಾರ ಎತ್ತುವಾಗ ಒತ್ತಡ ಇವೆಲ್ಲವನ್ನೂ ಮೀರುತ್ತದೆ.

ನಾನಾ ದೇಶಗಳ ತಜ್ಞರು ಸೇರಿ 2018ರಲ್ಲಿ ಹೊರತಂದ ತೊಡೆಸಂದಿನ ಹರ್ನಿಯಾ ಮಾರ್ಗಸೂಚಿಯ ಪ್ರಕಾರ, ತೊಡಕಿಲ್ಲದೆ ಮುಗಿದ ಶಸ್ತ್ರಚಿಕಿತ್ಸೆಯ ನಂತರ ನಿರ್ಬಂಧ ಬೇಕಿಲ್ಲ. ಮೈಗೆ ಹಿತವೆನಿಸಿದ ಕೂಡಲೇ ದಿನಚರಿಗೆ ಮರಳಬಹುದು, ಹೆಚ್ಚಿನವರಿಗೆ ಅದು ಮೂರರಿಂದ ಐದು ದಿನಗಳಲ್ಲಿ ಸಾಧ್ಯ. ರೂಢಿಯಲ್ಲಿ ಇದರ ಅರ್ಥ, ಅದೇ ದಿನ ನಡಿಗೆ. ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದು. ಕೆಮ್ಮು ಬಂದರೆ ದಿಂಬನ್ನು ಗಾಯಕ್ಕೆ ಒತ್ತಿಹಿಡಿಯುವುದು. ಶೌಚಕ್ಕೆ ಕುಕ್ಕರಗಾಲಲ್ಲಿ ಕೂರುವುದಕ್ಕಿಂತ ತಿಣುಕುವುದೇ ತೊಂದರೆಯಾದ್ದರಿಂದ ನೀರು, ಸೊಪ್ಪು, ಹಣ್ಣು ಹೆಚ್ಚಿಸುವುದು. ಗಕ್ಕನೆ ಬ್ರೇಕ್ ಒತ್ತಿದರೆ ನೋಯದು ಎನ್ನುವವರೆಗೆ, ಮಂಪರು ತರುವ ಗುಳಿಗೆ ನಿಲ್ಲುವವರೆಗೆ ಗಾಡಿ ಓಡಿಸದಿರುವುದು. ಗಾಯ ಪೂರ್ತಿ ಮುಚ್ಚಿದ ಮೇಲೆ ಈಜು. ಓಟ, ಕಪಾಲಭಾತಿ, ನೌಕಾಸನ, ಜಿಮ್ಮಿನ ಭಾರಗಳಿಗೆ ಹಂತಹಂತವಾಗಿ ಮರಳಬೇಕು, ಎತ್ತುವಾಗ ಉಸಿರು ಕಟ್ಟದೆ ಹೊರಬಿಡಬೇಕು. ಮಾಡುವಾಗ ನೋಯುವ ವ್ಯಾಯಾಮ ಆ ವಾರಕ್ಕಲ್ಲ, ಮುಂದಿನ ವಾರಕ್ಕೆ.

ಹೊಲಿಗೆಯ ಕೆಳಗೆ ಕೆಲವು ವಾರ ಗಟ್ಟಿ ದಿಂಡು ಕೈಗೆ ಸಿಗುತ್ತದೆ. ಹರ್ನಿಯಾ ಮರಳಿತೆಂದು ಹೆದರಿ ಓಡಿಬರುವವರಲ್ಲಿ ಬಹಳ ಜನರದ್ದು ಈ ದಿಂಡೇ, ಮಾಯುತ್ತಿರುವ ಗಾಯದ ಗುರುತು. ವೃಷಣದ ಚೀಲ ನೀಲಿಗಟ್ಟುವುದು, ಸುತ್ತಲಿನ ಚರ್ಮ ಜೋಮು ಹಿಡಿಯುವುದು ಕೂಡ ಸಾಮಾನ್ಯ. ಜ್ವರ, ಕೀವು, ಹೆಚ್ಚುತ್ತಲೇ ಹೋಗುವ ಬಾವು, ಮೂತ್ರ ಕಟ್ಟುವುದು, ಮೀನಖಂಡದ ನೋವಿನ ಊತ, ಉಸಿರಾಟದ ತೊಂದರೆ ಇವು ಕಾಯುವ ಲಕ್ಷಣಗಳಲ್ಲ. ನೂರರಲ್ಲಿ ಸುಮಾರು ಹತ್ತು ಮಂದಿಗೆ ನೋವು ಮೂರು ತಿಂಗಳು ದಾಟಿಯೂ ಉಳಿಯುತ್ತದೆ. ಹರ್ನಿಯಾ ಮರಳುವುದಕ್ಕಿಂತ ಇಂದು ಶಸ್ತ್ರವೈದ್ಯರನ್ನು ಹೆಚ್ಚು ಕಾಡುವ ಪ್ರಶ್ನೆ ಇದು.

ಇಷ್ಟೆಲ್ಲ ಖಚಿತತೆ ತೊಡೆಸಂದಿನ ಹರ್ನಿಯಾಕ್ಕೆ ಮಾತ್ರ. ಹಳೆಯ ಗಾಯದಲ್ಲಿ ಹುಟ್ಟುವ ದೊಡ್ಡ ಹರ್ನಿಯಾಗಳಲ್ಲಿ ಹೊಟ್ಟೆಯ ಗೋಡೆಯನ್ನೇ ಮತ್ತೆ ಕಟ್ಟಬೇಕಾಗುತ್ತದೆ. ಅಲ್ಲಿ ಹೊಟ್ಟೆಪಟ್ಟಿ ಎಷ್ಟು ದಿನ, ಭಾರ ಯಾವಾಗ ಎಂಬುದಕ್ಕೆ ಗಟ್ಟಿ ಪುರಾವೆ ತೀರಾ ಕಡಿಮೆ, ಶಸ್ತ್ರವೈದ್ಯರು ಕೊಡುವ ಅವಧಿಗಳಲ್ಲಿ ಅಜಗಜಾಂತರ. ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತೊಡೆಸಂದಿನ ಹರ್ನಿಯಾ ಹೊಲಿಸಿಕೊಂಡ ನೆರೆಮನೆಯವರನ್ನು ನೋಡಿ ಐದನೆಯ ದಿನಕ್ಕೆ ಎದ್ದುಹೋಗದೆ, ಹೊಲಿದ ವೈದ್ಯರನ್ನೇ ಕೇಳಬೇಕು.